ಬೇಟೆನಾಯಿಗೊಂದು ಅಂಗಿ

ನಾಯಿಗೆ ಕಲ್ಲು ಹೊಡೆಯುವವರನ್ನು ದಿನವೂ ನೋಡುತ್ತೇವೆ. ನಾಯಿಗಾಗಿ ಕಲ್ಲು ನಿಲ್ಲಿಸಿದವರನ್ನು ಕಾಣಬೇಕಾದರೆ ಸಾವಿರ ವರ್ಷ ಹಿಂದಕ್ಕೆ ಹೋಗಬೇಕು. ಅಷ್ಟು ದೂರ ನಡೆಯಲಾರದವರಿಗೆ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ ಸಾಕು. ಮದ್ದೂರು ತಾಲ್ಲೂಕಿನ ಆತಕೂರಿನಿಂದ ತಂದ ಶಾಸನದ ಕಲ್ಲು ಅಲ್ಲಿಗೆ ಸೇರಿದೆ. ಅದರ ಮೇಲೆ ಒಂದು ನಾಯಿಯೂ ಒಂದು ಹಂದಿಯೂ ಕಾದಾಡುತ್ತಿವೆ. ಸುತ್ತಲೂ ಹಳಗನ್ನಡದ ಅಕ್ಷರಗಳು. ನಾನು ಮೊದಲ ಸಲ ಅದನ್ನು ನೋಡಿದಾಗ ಶಾಲೆಯ ಮಕ್ಕಳ ಒಂದು ಗುಂಪು "ನಾಯಿ, ನಾಯಿ" ಎಂದು ಬೆರಳು ತೋರಿಸಿ ಮುಂದಿನ ವಿಗ್ರಹದತ್ತ ಓಡಿತು. ನಾನು ಮಾತ್ರ ಬಹಳ ಹೊತ್ತು ಅಲ್ಲೇ ನಿಂತಿದ್ದೆ. ಅದಕ್ಕೆ ಇತಿಹಾಸಪ್ರೇಮವೊಂದೇ ಕಾರಣವಲ್ಲ. ಇನ್ನೊಂದು ಕಾರಣವನ್ನು ಆಮೇಲೆ ಹೇಳುತ್ತೇನೆ.

ಮೊದಲು ಕಲ್ಲಿನ ಮಾತು. ಶಕ ವರ್ಷ 872, ಸೌಮ್ಯ ಸಂವತ್ಸರ, ಎಂದರೆ ಕ್ರಿ.ಶ. 949-50. ಶಾಸನವು ಕನ್ನರದೇವನೆಂದು ಕರೆಯುವ ರಾಷ್ಟ್ರಕೂಟರ ಮೂರನೆಯ ಕೃಷ್ಣ, ತಕ್ಕೋಲದಲ್ಲಿ ಚೋಳರ ರಾಜಾದಿತ್ಯನ ಮೇಲೆ ಬಿದ್ದು ಗೆದ್ದ ಕಾಲ. ಆ ಯುದ್ಧದಲ್ಲಿ ರಾಜಾದಿತ್ಯನನ್ನು ಕೊಂದವನು ಕೃಷ್ಣನ ಭಾವಮೈದುನ, ಗಂಗರ ಬೂತುಗ. ಆನೆಯ ಮೇಲಿನ ಅಂಬಾರಿಯೇ ಕೊಲೆಯ ಕಣವಾಯಿತು ಎಂಬ ಅರ್ಥದ ಮಾತು ಶಾಸನದಲ್ಲಿದೆ. ಮೊದಮೊದಲು ವಿದ್ವಾಂಸರು ಈ ಮಾತನ್ನು ತಪ್ಪಾಗಿ ಓದಿ, ಬೂತುಗನು ರಾಜಾದಿತ್ಯನನ್ನು ಅಪ್ಪಿಕೊಂಡು ಮೋಸದಿಂದ ಇರಿದನೆಂದು ಬರೆದುಬಿಟ್ಟರು, ಆಮೇಲೆ ತಿದ್ದಿಕೊಂಡರು. ಒಂದು ಪದದ ಓದಿನಿಂದ ಒಬ್ಬ ವೀರ ಕೆಲವು ಕಾಲ ಕೊಲೆಗಡುಕನಾಗಿದ್ದ! ರಾಜಾದಿತ್ಯ ಆನೆಯ ಮೇಲಿದ್ದಾಗಲೇ ಮಡಿದನೆಂದು ಚೋಳರ ತಾಮ್ರಪಟಗಳೂ ಹೇಳುತ್ತವೆ.

ಗೆದ್ದ ಮೇಲೆ ಹಂಚುವ ಕೆಲಸ. ಬೂತುಗನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಸಿಕ್ಕವು. ಬೂತುಗನ ಮುಂದೆ ನಿಂತು ಕಾದಿದ ಮಣಲೆರನೆಂಬ ಆಳಿನ ಪರಾಕ್ರಮಕ್ಕೂ ದೊರೆ ಮೆಚ್ಚಿ, ಬೇಕಾದ್ದನ್ನು ಕೇಳು ಎಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಮಣಲೆರ ಕೇಳಿದ್ದು ಕಾಳಿಯೆಂಬ ಒಂದು ನಾಯಿಯನ್ನು. ಆಸ್ಥಾನದಲ್ಲಿದ್ದವರು ಮುಖ ಮುಖ ನೋಡಿಕೊಂಡಿರಬೇಕು. ಬೇಟೆಯ ರುಚಿ ಹತ್ತಿದವರು ಮಾತ್ರ ಅವನ ಮನಸ್ಸನ್ನು ಬಲ್ಲರು.

ಆ ನಾಯಿಯನ್ನು ಕೇೞಲೆನಾಡಿನ ಬೆಳತೂರಿನ ಪಡುವಲಲ್ಲಿರುವ ಮೊರಡಿಯಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಾಳಿಯ ಹೆಸರಿನಲ್ಲಿ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಎರಡು ಕಂಡುಗ ಭೂಮಿಯನ್ನೂ ಬಿಟ್ಟರು. ಆ ಸ್ಥಾನದ ಗೊರವ ಕಲ್ಲಿಗೆ ಪೂಜೆ ಸಲ್ಲಿಸದೆ ಊಟ ಮಾಡಿದರೆ ಅವನಿಗೆ ಪಾಪ ತಟ್ಟುತ್ತದೆಂಬ ಎಚ್ಚರಿಕೆಯೂ ಅಲ್ಲಿದೆ. ನಾಯಿಯ ಪೂಜೆ ಮಾಡಿ ಆಮೇಲೆ ಊಟ! ನಮ್ಮ ಮನೆಗಳಲ್ಲಿ ನಾಯಿಯ ಸರದಿ ನಮ್ಮ ಊಟವಾದ ಮೇಲೆ, ಅದೂ ಉಳಿದರೆ.

ಆ ಕಲ್ಲಿನ ಮುಂದೆ ನಿಂತಾಗಲೆಲ್ಲ ನನ್ನನ್ನು ಕಾಡುವ ಪ್ರಶ್ನೆ ಬೇರೆ. ತಕ್ಕೋಲದಲ್ಲಿ ಕಾದಿದ ಆಳುಗಳು ಮೈಗೆ ಜೋಡು ತೊಟ್ಟಿದ್ದರು. ಕುದುರೆಗೆ ತೊಡಿಸುವ ಕವಚಕ್ಕೆ ಹಳಗನ್ನಡದಲ್ಲಿ ಪಕ್ಕರೆ ಎಂಬ ಹೆಸರಿದೆ. ಆನೆಯದಕ್ಕೆ ಗುಳ ಎಂಬ ಹೆಸರಿದೆ. ಮನುಷ್ಯನ ಜಗಳಕ್ಕೆ ಹೋಗುವ ಪ್ರಾಣಿಗೆಲ್ಲ ಒಂದೊಂದು ಹೊದಿಕೆ, ಹೊದಿಕೆಗೆ ಒಂದೊಂದು ಹೆಸರು. ನಾಯಿಯ ಹೊದಿಕೆಗೆ ಅಂಥ ಪದವೊಂದನ್ನು ನಾನು ಓದಿದ ಯಾವ ಕಾವ್ಯದಲ್ಲೂ ಕಂಡದ್ದಿಲ್ಲ. ರಾಘವಾಂಕನ ಹರಿಶ್ಚಂದ್ರಕಾವ್ಯದ ಬೇಟೆ ಎಷ್ಟು ಸಡಗರದ್ದು! ಬೇಡರು, ಬಲೆಗಳು, ನಾಯಿಗಳು, ಕಡೆಗೆ ವಿಶ್ವಾಮಿತ್ರ ಕಳುಹಿಸಿದ ಮಾಯೆಯ ಹಂದಿ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಂತೂ ಸಾರಮೇಯವಿನೋದವೆಂದು ನಾಯಿಗಳಿಗೇ ಒಂದು ಭಾಗವುಂಟು, ಸಾರಮೇಯವೆಂದರೆ ನಾಯಿ. ದೊರೆಯೇ ಕುಳಿತು ನಾಯಿಯ ಮೇಲೆ ಬರೆದಿದ್ದಾನೆ. ಇಷ್ಟು ಬಲ್ಲ ಜನ ಹಂದಿಯ ಕೋರೆಯ ಮುಂದೆ ಕಾಳಿಯನ್ನು ಬರಿಮೈಯಲ್ಲಿ ಏಕೆ ಬಿಟ್ಟರು? ತೊಡಿಸಿದ್ದರೆ ಬದುಕುತ್ತಿತ್ತೆ?

ಈ ಪ್ರಶ್ನೆಯನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ರಾಯಲ್ಪಾಡಿನಲ್ಲಿ ಕಲಿತೆ.

ರಾಯಲ್ಪಾಡು ಶ್ರೀನಿವಾಸಪುರ ತಾಲ್ಲೂಕಿನ ಒಂದು ಹೋಬಳಿ. ಆಚೆ ಮದನಪಲ್ಲಿಯ ಸೀಮೆ, ಈಚೆ ನಮ್ಮದು. ಗಡಿಯ ಕಲ್ಲು ಎಲ್ಲಿದೆಯೆಂದು ಅಧಿಕಾರಿಗಳಿಗೆ ಗೊತ್ತು, ಹಂದಿಗಳಿಗಂತೂ ಗೊತ್ತಿಲ್ಲ. ಮನೆಮಾತು ಹೆಚ್ಚಾಗಿ ತೆಲುಗು, ಕಚೇರಿಯ ಮಾತು ಕನ್ನಡ. ಬೋಳು ಬಂಡೆಯ ಗುಡ್ಡಗಳು, ಅವುಗಳ ಸಂದಿನಲ್ಲಿ ಮುಳ್ಳು ಕಂಟಿ, ತಪ್ಪಲಲ್ಲಿ ಮಾವಿನ ತೋಪು, ಮಳೆ ಬಂದರೆ ರಾಗಿ, ಕಡಲೆಕಾಯಿ. ನನ್ನ ತಾಯಿಯ ತವರು ಅಲ್ಲಿಗೆ ಸಮೀಪದ ಒಂದು ಹಳ್ಳಿ. ದಸರೆಯ ರಜಕ್ಕೂ ಬೇಸಿಗೆಯ ರಜಕ್ಕೂ ನನ್ನನ್ನು ಬೆಂಗಳೂರಿನಿಂದ ಅಲ್ಲಿಗೆ ಸಾಗಹಾಕುತ್ತಿದ್ದರು.

ಬೇಟೆನಾಯಿಯ ವಿಷಯಕ್ಕೆ ಆ ಸೀಮೆ ಹೊಸತೇನೂ ಅಲ್ಲ. ಗಂಗರು ತಮ್ಮನ್ನು ಕುವಳಾಲಪುರವರೇಶ್ವರರೆಂದು ಕರೆದುಕೊಂಡರು, ಕುವಳಾಲವೆಂದರೆ ಕೋಲಾರ. ಕಾಳಿಯ ಕಥೆಯ ಬೂತುಗನೂ ಆ ವಂಶದವನೇ. ಕೋಲಾರ ಜಿಲ್ಲೆಯಲ್ಲಿ ವೀರಗಲ್ಲುಗಳಿಗೆ ಬರವಿಲ್ಲ. ಹೆಚ್ಚಿನವು ತುರುಗಳನ್ನು ಬಿಡಿಸಿಕೊಳ್ಳಲು ಹೋಗಿ ಸತ್ತವರವು. ಅವುಗಳ ನಡುವೆ ಮುಳಬಾಗಿಲು ತಾಲ್ಲೂಕಿನಲ್ಲಿ ಹತ್ತನೆಯ ಶತಮಾನದ್ದೇ ಆದ ಒಂದು ಕಲ್ಲು ಧಳಗ, ಲೋಗ ಎಂಬ ಎರಡು ನಾಯಿಗಳ ಹೆಸರನ್ನು ಉಳಿಸಿದೆ. ಹಂದಿಗಳನ್ನು ಕೊಂದದ್ದೇ ಅವುಗಳ ಕೀರ್ತಿ. ಅವುಗಳ ಕಾಲದಲ್ಲಿ ಉತ್ತು ಬಿತ್ತಿದ ಎಷ್ಟು ಜನರ ಹೆಸರು ನಮಗೆ ಗೊತ್ತು?

ಹಂದಿಬೇಟೆಗೆ ನಾಯಿಯನ್ನು ಬಿಟ್ಟು ಕಲ್ಲು ನಿಲ್ಲಿಸುವಷ್ಟು ದೊಡ್ಡದು ಏನಿದೆ ಎಂದು ಪಟ್ಟಣದ ವಾಚಕರು ಕೇಳಬಹುದು. ಚರಂಡಿಯ ಹಂದಿಯನ್ನು ಮನಸ್ಸಿನಿಂದ ತೆಗೆದುಹಾಕಿ. ಬಲಿತ ಗಂಡು ಕಾಡುಹಂದಿ ನೂರು ಕಿಲೋ ಮೀರುವುದು ಅಪರೂಪವಲ್ಲ. ಕೆಳದವಡೆಯ ಕೋರೆಗಳು ಮೇಲುದವಡೆಯ ಕೋರೆಗಳಿಗೆ ಉಜ್ಜಿ ಉಜ್ಜಿ ತಾವೇ ಸಾಣೆ ಹಿಡಿದುಕೊಳ್ಳುತ್ತವೆ. ಅದು ಕಚ್ಚಲು ನಿಲ್ಲುವುದಿಲ್ಲ. ತಲೆ ತಗ್ಗಿಸಿ ನುಗ್ಗಿ ಕೆಳಗಿನಿಂದ ಮೇಲಕ್ಕೆ ಸೀಳುತ್ತದೆ. ಆದ್ದರಿಂದ ನಾಯಿಗೆ ಗಾಯವಾಗುವುದು ಬೆನ್ನಿಗಲ್ಲ. ಕುತ್ತಿಗೆಯ ಕೆಳಗೆ, ಎದೆಗೆ, ಮುಂಗಾಲಿನ ಸಂದಿಗೆ, ಹೊಟ್ಟೆಗೆ. ಇನ್ನೊಂದು ವಿಚಿತ್ರವುಂಟು. ಗಂಡುಹಂದಿಯ ಭುಜದ ಮೇಲೆ ಚರ್ಮದಡಿಯಲ್ಲಿ ಗಡುಸಾದ ದಪ್ಪ ಪದರವೊಂದು ಬೆಳೆಯುತ್ತದೆ. ಗಂಡುಗಂಡುಗಳು ಹೆಣ್ಣಿಗಾಗಿ ಕಾದಾಡುವಾಗ ಒಂದರ ಕೋರೆ ಇನ್ನೊಂದಕ್ಕೆ ನಾಟದಿರಲೆಂದು ಪ್ರಕೃತಿ ಹೊಲಿದುಕೊಟ್ಟ ಜೋಡು ಅದು. ಎಂದರೆ ಬೆಳತೂರಿನ ಮೊರಡಿಯಲ್ಲಿ ಕವಚ ತೊಟ್ಟವನು ಒಬ್ಬನಿದ್ದ. ಕಾಳಿಯಲ್ಲ, ಅದರ ಎದುರಾಳಿ.

ನಮ್ಮ ಅಜ್ಜಿಯ ಮನೆಯ ಹಿಂದೆ ಒಬ್ಬ ಮುದುಕರಿದ್ದರು. ಊರವರ ಹೊಲಗಳನ್ನು ಹಂದಿಯಿಂದ ಕಾಯುವುದು ಅವರ ಕಸುಬು. ರಾಗಿ, ಕಡಲೆಕಾಯಿ ಬಲಿಯುವ ಕಾಲಕ್ಕೆ ರಾತ್ರಿಯೆಲ್ಲ ಹೊಲದ ಅಟ್ಟಣೆಯ ಮೇಲಿರುತ್ತಿದ್ದರು. ಎಲ್ಲರಂತೆ ನಾನೂ ಅವರನ್ನು ತಾತ ಎನ್ನುತ್ತಿದ್ದೆ. ಅವರ ನಾಯಿಯ ಹೆಸರು ನಲ್ಲೋಡು. ತೆಲುಗಿನಲ್ಲಿ ಕರಿಯನೆಂದು ಅರ್ಥ. ಜಾತಿ ಗೀತಿ ಏನೂ ಇಲ್ಲದ ಊರನಾಯಿ. ಆದರೆ ಎದೆ ಅಗಲ, ದವಡೆ ಬಲ. ತಾತ ಒಂದು ಈಟಿ, ಇಬ್ಬರು ಮೂವರು ನೆಂಟರು, ಒಂದು ಹಳೆಯ ಬಲೆ, ನಾಲ್ಕು ನಾಯಿಗಳೊಂದಿಗೆ ಗುಡ್ಡ ಹತ್ತುತ್ತಿದ್ದರು. 1972ರಲ್ಲಿ ವನ್ಯಜೀವಿ ಸಂರಕ್ಷಣೆಯ ಕಾನೂನು ಬರುವುದಕ್ಕೆ ಇನ್ನೂ ಕೆಲವು ವರ್ಷಗಳಿದ್ದವು. ಹಂದಿಯನ್ನು ಹೊಡೆಯುವುದು ಅಪರಾಧವಾದೀತೆಂದು ಯಾರಾದರೂ ಹೇಳಿದ್ದರೆ ಊರಿನವರು ನಕ್ಕುಬಿಡುತ್ತಿದ್ದರು.

1966ರ ದಸರೆ. ನನಗೆ ಹನ್ನೊಂದು ವರ್ಷ. ಒಂದು ಬೆಳಿಗ್ಗೆ ನಲ್ಲೋಡನ್ನು ಕಂಬಳಿಯಲ್ಲಿ ಹೊತ್ತುಕೊಂಡು ಬಂದರು. ಎದೆಯಿಂದ ಮುಂಗಾಲಿನವರೆಗೆ ಚರ್ಮ ಸೀಳಿತ್ತು. ತಾತ ಅದರ ಬಾಯಿಗೆ ಹಗ್ಗ ಸುತ್ತಿ, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಗೋಣಿ ಹೊಲಿಯುವ ಸೂಜಿಯಿಂದ ಚರ್ಮವನ್ನು ಹೊಲಿದರು. ಮೇಲೆ ಅರಿಸಿನ, ಹರಳೆಣ್ಣೆ. ನಾನು ದೀಪ ಹಿಡಿದು ನಿಂತಿದ್ದೆ. ಹೊಲಿಗೆ ಮುಗಿಯುವ ತನಕ ಆ ನಾಯಿ ನನ್ನ ಮುಖವನ್ನೇ ನೋಡುತ್ತಿತ್ತು, ಅಥವಾ ನನಗೆ ಹಾಗೆನಿಸಿತು.

"ತಾತ, ಇದಕ್ಕೊಂದು ಅಂಗಿ ಹೊಲಿಸಿದರೆ?" ಎಂದೆ.

"ನಮಗೇ ಅಂಗಿ ಇಲ್ಲ ನಾಯನಾ," ಎಂದರು. ನಿಜ; ಅವರ ಮೈಮೇಲೆ ಇದ್ದದ್ದು ಒಂದು ಪಂಚೆ, ಒಂದು ಕಂಬಳಿ.

ಬೆಂಗಳೂರಿಗೆ ಹಿಂದಿರುಗಿದ ಮೇಲೆ ಶಾಲೆಯ ಪುಸ್ತಕಭಂಡಾರದಲ್ಲಿ ಒಂದು ಹಳೆಯ ಚಿತ್ರಪುಸ್ತಕ ಸಿಕ್ಕಿತು. ಐರೋಪ್ಯ ದೊರೆಗಳ ಹಂದಿಬೇಟೆಯ ಚಿತ್ರ. ಅದರಲ್ಲಿ ಒಂದು ನಾಯಿ ದಪ್ಪ ಕೋಟು ತೊಟ್ಟಿತ್ತು! ಆಮೇಲೆ ದೊಡ್ಡವನಾಗಿ ಓದಿದಾಗ ತಿಳಿದದ್ದು, ಅಲ್ಲಿ ಅದು ಶತಮಾನಗಳ ರೂಢಿ. ಜರ್ಮನ್ ಸಂಸ್ಥಾನಗಳಲ್ಲಿ ಹಂದಿಯನ್ನು ಹಿಡಿಯುವ ದೊಡ್ಡ ನಾಯಿಗಳಿಗೆ ಹಲವು ಪದರದ ದಪ್ಪ ಬಟ್ಟೆಯ ಅಂಗಿ ಹೊಲಿಸಿ, ಒಳಗೆ ತಿಮಿಂಗಿಲದ ಬಾಯಿಯಲ್ಲಿ ಸಿಗುವ ಬಾಗುವ ಎಲುಬಿನಂಥ ಪಟ್ಟಿಗಳನ್ನು ಸೇರಿಸುತ್ತಿದ್ದರು. ಹೊಟ್ಟೆಯ ಕೆಳಗೆ, ಎದೆಯ ಮುಂದೆ ದಪ್ಪ. ಬೆನ್ನಿನ ಮೇಲೆ ದಾರ ಕಟ್ಟಿ ಬಿಗಿಯುವ ತೂತುಗಳು. ಕೋಬುರ್ಗಿನ ಕೋಟೆಯ ಸಂಗ್ರಹದಲ್ಲಿ ಅಂಥ ಅಂಗಿಗಳು ಉಳಿದಿವೆ. ಆದರೆ ಹಿಂಡಿನ ಎಲ್ಲ ನಾಯಿಗೂ ಅಂಗಿಯಿಲ್ಲ. ವಾಸನೆ ಹಿಡಿದು ಹೋಗುವವು, ಬೊಗಳಿ ನಿಲ್ಲಿಸುವವು ಬರಿಮೈ. ಕಡೆಗೆ ಹೋಗಿ ಕಿವಿ ಹಿಡಿಯುವ ಬೆಲೆಬಾಳುವ ನಾಯಿಗೆ ಮಾತ್ರ ಈ ಮರ್ಯಾದೆ. ಇದರಲ್ಲಿ ಜಿಪುಣತನವೂ ಇತ್ತು, ಬುದ್ಧಿಯೂ ಇತ್ತು.

ಅಕ್ಬರನ ಆಸ್ಥಾನದಲ್ಲಿ ಕಾಬೂಲಿನ ಕಡೆಯಿಂದ ಬಂದ ನಾಯಿಗಳಿಗೆ ಅಲಂಕಾರ ಮಾಡಿ ಹೆಸರಿಡುತ್ತಿದ್ದರೆಂದು ಆಯ್ನೆ ಅಕ್ಬರಿಯಲ್ಲಿ ಅಬುಲ್ ಫಜಲ್ ಬರೆದಿದ್ದಾನೆ. ಅಲಂಕಾರ ಬೇರೆ, ಕವಚ ಬೇರೆ. ಹಿಮಾಲಯದ ಕುರಿಗಾಹಿಗಳು ನಾಯಿಯ ಕೊರಳಿಗೆ ಹಾಕುವ ಮುಳ್ಳಿನ ಕಬ್ಬಿಣದ ಪಟ್ಟಿ ನಿಜವಾದ ಕವಚ. ಚಿರತೆ ಕೊರಳಿಗೇ ಬಾಯಿ ಹಾಕುತ್ತದೆಂದು ಅವರಿಗೆ ಗೊತ್ತು. ಗ್ರೀಸಿನ ಕ್ಸೆನೊಫನ್ ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಬೇಟೆಯ ಮೇಲೆ ಬರೆದ ಪುಸ್ತಕದಲ್ಲಿ, ಹಂದಿಬೇಟೆಗೆ ಬೇಕಾದ ನಾಯಿಗಳ ಸಾಲಿನಲ್ಲಿ ಭಾರತದ ನಾಯಿಯನ್ನೂ ಹೇಳಿದ್ದಾನೆ. ನಮಗೆ ಹೆಮ್ಮೆಯ ಮಾತೇ. ಅದಕ್ಕಿಂತ ನನಗೆ ಮೆಚ್ಚಿಗೆಯಾದದ್ದು ಇನ್ನೊಂದು: ನಾಯಿಯ ಕೊರಳಪಟ್ಟಿ ಮೆತ್ತಗಿರಬೇಕು, ಅಗಲವಾಗಿರಬೇಕು, ಇಲ್ಲದಿದ್ದರೆ ಅದರ ಕೂದಲು ಸವೆಯುತ್ತದೆ ಎಂಬ ಎಚ್ಚರಿಕೆ. ತೊಡಿಸುವವನ ಕಷ್ಟ ಬೇರೆ, ತೊಡುವವನ ಕಷ್ಟ ಬೇರೆ ಎಂಬುದು ಅವನಿಗೆ ತಿಳಿದಿತ್ತು. ನನಗೆ ತಿಳಿದಿರಲಿಲ್ಲ.

1967ರ ಬೇಸಿಗೆಗೆ ನಾನು ಸಿದ್ಧನಾಗಿ ಹೋದೆ. ಸೋದರಮಾವನ ಹಳೆಯ ಕ್ಯಾನ್‌ವಾಸಿನ ಹಾಸಿಗೆಚೀಲ ಒಂದು, ಚಮ್ಮಾರರ ಅಂಗಡಿಯಲ್ಲಿ ಬೇಡಿ ತಂದ ತೊಗಲಿನ ಚೂರುಗಳು ಒಂದಿಷ್ಟು. ಅಜ್ಜಿಯ ಮನೆಗೆ ಬರುತ್ತಿದ್ದ ದರ್ಜಿ ನಗುತ್ತ ನಗುತ್ತ ಎರಡು ಪದರ ಹಾಕಿ ಹೊಲಿದುಕೊಟ್ಟ. ಎದೆಯ ಮುಂದೆ ತೊಗಲು, ಹೊಟ್ಟೆಯ ಕೆಳಗೆ ಕ್ಯಾನ್‌ವಾಸು, ಬೆನ್ನಿನ ಮೇಲೆ ಮೂರು ಬಾರು. ತಾತ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಮುಂಗಾಲಿನ ಸಂದಿಯಲ್ಲಿ ಉಜ್ಜುತ್ತದೆ ಎಂದು ಹೇಳಿ, ಕತ್ತಿಯಿಂದ ಎರಡು ಕಡೆ ದುಂಡಗೆ ಕೊಯ್ದು ಹಳೆಯ ಕಂಬಳಿಯ ಅಂಚು ಕಟ್ಟಿದರು. ಎರಡು ದಿನ ನಲ್ಲೋಡಿಗೆ ಅದನ್ನು ತೊಡಿಸಿ ಊರಲ್ಲೆಲ್ಲ ತಿರುಗಾಡಿಸಿದರು. ಊರ ಹುಡುಗರು ಅದಕ್ಕೆ ಅಮಲ್ದಾರರೆಂದು ಹೆಸರಿಟ್ಟರು.

ಶ್ರೀನಿವಾಸಪುರದ ಸೀಮೆಯಲ್ಲಿ ಮೇ ತಿಂಗಳೆಂದರೆ ಮಾವು. ಉದುರಿದ ಹಣ್ಣಿಗೆ ರಾತ್ರಿ ಹಂದಿಗಳು ತೋಪಿಗೆ ಇಳಿಯುತ್ತವೆ. ಬೆಳಗಾಗುವ ಮುಂಚೆ ಗುಡ್ಡಕ್ಕೆ ಹತ್ತುತ್ತವೆ. ಒಂದು ದಿನ ಕೋಳಿ ಕೂಗುವ ಹೊತ್ತಿಗೆ ತಾತ ನಲ್ಲೋಡಿಗೆ ಅಂಗಿ ಕಟ್ಟಿ ಹೊರಟರು. ತೋಪಿನ ಅಂಚಿನಲ್ಲೇ ಹಂದಿ ಸಿಕ್ಕಿತು. ಅವರು ತಿರುಗಿ ಬಂದಾಗ ನಾನು ಓಡಿಹೋಗಿ ನೋಡಿದ್ದು ನಾಯಿಯನ್ನಲ್ಲ, ಅಂಗಿಯನ್ನು. ಎಡಗಡೆ ಒಂದು ಗೇಣುದ್ದ ಹರಿದಿತ್ತು. ಒಳಪದರ ಉಳಿದಿತ್ತು. ಅದರ ಕೆಳಗೆ ನಲ್ಲೋಡಿನ ಚರ್ಮಕ್ಕೆ ಒಂದು ಗೀರೂ ಇಲ್ಲ. ಆ ಹೊತ್ತು ನನಗಾದ ಗರ್ವ, ತಕ್ಕೋಲದಲ್ಲಿ ಗೆದ್ದ ಕನ್ನರದೇವನಿಗೂ ಆಗಿರಲಾರದು.

ತಾತ ಅಂದು ಒಂದು ಮಾತು ಹೇಳಿದರು. "ಇದು ಒಳ್ಳೆಯದೇ ನಾಯನಾ. ಹೊತ್ತು ನೋಡಿ ಹಾಕಬೇಕು. ಬಿಸಿಲೇರಿದ ಮೇಲೆ ಬೇಡ. ನೀರು ದೂರ ಇದ್ದರೆ ಬೇಡ. ಹಂದಿ ನಿಂತು ಕಾದುವ ಕಡೆ ಹಾಕಬೇಕು, ಓಡುವ ಕಡೆ ಹಾಕಬಾರದು." ನಾನು ಹೂಂಗುಟ್ಟಿದೆ. ಕೇಳಿಸಿಕೊಳ್ಳಲಿಲ್ಲ.

ನಾಲ್ಕೈದು ದಿನ ಕಳೆದ ಮೇಲೆ, ಹೊತ್ತು ನೆತ್ತಿಗೆ ಬರುವ ಸಮಯದಲ್ಲಿ, ಗುಡ್ಡದ ಕೆಳಗಿನ ಹಳ್ಳದಲ್ಲಿ ಒಂದು ಒಂಟಿ ಹಂದಿ ಮಲಗಿದೆಯೆಂದು ಕುರಿ ಕಾಯುವ ಹುಡುಗ ಓಡಿಬಂದು ಹೇಳಿದ. ಜನ ಕೂಡಿದರು. ತಾತನಿಗೆ ಅಷ್ಟು ಮನಸ್ಸಿರಲಿಲ್ಲ. ಹಿಂದಿನ ದಿನ ಅದೇ ಹಂದಿ ಒಬ್ಬ ಹೆಂಗಸನ್ನು ಅಟ್ಟಿಸಿಕೊಂಡು ಹೋಗಿದ್ದರಿಂದ ಒಪ್ಪಿದರು. ಅವರು ಬಲೆ ತರಲು ಒಳಗೆ ಹೋದಾಗ, ನಾನು ನಲ್ಲೋಡಿನ ಮೈಗೆ ಅಂಗಿ ಕಟ್ಟಿಬಿಟ್ಟೆ. ಬಾರುಗಳನ್ನು ಬಿಗಿಯಾಗಿಯೇ ಎಳೆದೆ. ದಸರೆಯ ಆ ಸೀಳು ಕಣ್ಣಿಗೆ ಕಟ್ಟಿತ್ತು. ನಾಯಿಯನ್ನು ಕರೆದುಕೊಂಡು ಮುಂದೆ ಹೋಗುತ್ತಿದ್ದ ಹುಡುಗರೊಡನೆ ಕಳುಹಿಸಿದೆ. ತಾತನ ಕಣ್ಣಿಗೆ ಅದು ಬಿದ್ದದ್ದು ಹಳ್ಳದ ದಂಡೆಯ ಮೇಲೆ, ನಾಯಿಗಳನ್ನು ಬಿಟ್ಟಾದ ಮೇಲೆ.

ಹಂದಿ ನಿಲ್ಲಲಿಲ್ಲ. ಗುಡ್ಡ ಹತ್ತಿ ಓಡಿತು.

ನಾಯಿಯ ಮೈ ನಮ್ಮ ಮೈಯಂತಲ್ಲ. ನಾವು ಮೈಯೆಲ್ಲ ಬೆವರಿ ತಣ್ಣಗಾಗುತ್ತೇವೆ. ನಾಯಿಗೆ ಬೆವರುವ ಅಂಗಾಲು ಬಿಟ್ಟರೆ ಉಳಿದದ್ದು ನಾಲಗೆ. ತೇಕಿ ತೇಕಿ ಉಸಿರಿನಿಂದಲೇ ಅದು ಕಾವನ್ನು ಹೊರಗೆ ಹಾಕಬೇಕು. ಅದರ ಸಹಜವಾದ ಮೈಕಾವು ಸುಮಾರು 38.5 ಡಿಗ್ರಿ ಸೆಂಟಿಗ್ರೇಡ್. ಅದು 41 ಮೀರಿದರೆ ಜೀವಕ್ಕೇ ಅಪಾಯ. ಓಡುವಾಗ ಮಾಂಸಖಂಡಗಳಲ್ಲಿ ಹುಟ್ಟುವ ಶಾಖಕ್ಕೆ ಮೇಲಿನ ಬಿಸಿಲು ಸೇರಿ, ಎದೆ ಹೊಟ್ಟೆಗಳ ಸುತ್ತ ಗಾಳಿಯಾಡದ ಎರಡು ಪದರ ಕ್ಯಾನ್‌ವಾಸು ಬಿಗಿದರೆ ಏನಾಗುತ್ತದೆ? ಇದನ್ನೆಲ್ಲ ನಾನು ಓದಿದ್ದು ಎಷ್ಟೋ ವರ್ಷಗಳ ಮೇಲೆ. ಅಂದು ನೋಡಿದ್ದು ಇಷ್ಟೇ: ಅರ್ಧ ಗುಡ್ಡದಲ್ಲಿ ನಲ್ಲೋಡು ಓಟ ಬಿಟ್ಟು ನಡೆಯಿತು, ಕಾಲು ತಡವರಿಸಿತು, ಒಂದು ಬಂಡೆಯ ನೆರಳಿಗೆ ಹೋಗಿ ಬಿತ್ತು. ಉಳಿದ ಮೂರು ನಾಯಿಗಳು ಬರಿಮೈಯಲ್ಲಿ ಓಡಿಹೋಗಿ, ಹಂದಿ ತಪ್ಪಿಸಿಕೊಂಡ ಮೇಲೆ ನಾಲಗೆ ಚಾಚಿಕೊಂಡು ತಿರುಗಿ ಬಂದವು. ತಾತ ಬಾರುಗಳನ್ನು ಕತ್ತಿಯಿಂದ ಕೊಯ್ದು ಅಂಗಿ ಕಿತ್ತೆಸೆದು, ನಾಯಿಯನ್ನು ಹೆಗಲ ಮೇಲೆ ಹಾಕಿಕೊಂಡು ಇಳಿದರು. ಹಳ್ಳದಲ್ಲಿ ಮೇ ತಿಂಗಳಲ್ಲಿ ನೀರೆಲ್ಲಿಯದು? ಕುಂಟೆ ಇನ್ನೂ ಅರ್ಧ ಮೈಲಿ. ಅಲ್ಲಿಗೆ ಮುಟ್ಟುವ ಮುಂಚೆಯೇ ಮುಗಿದಿತ್ತು. ಅದರ ಮೈಮೇಲೆ ಒಂದು ಗೀರೂ ಇರಲಿಲ್ಲ.

ಇಂದು ಈ ವಿಷಯದಲ್ಲಿ ಮನುಷ್ಯ ಬಹಳ ಮುಂದುವರಿದಿದ್ದಾನೆ. ಆಸ್ಟ್ರೇಲಿಯ, ನ್ಯೂಜಿಲೆಂಡ್, ಅಮೆರಿಕದ ಟೆಕ್ಸಾಸುಗಳಲ್ಲಿ ಹಂದಿಬೇಟೆ ಈಗಲೂ ನಡೆಯುತ್ತದೆ. ಅಲ್ಲಿಯ ನಾಯಿಗಳಿಗೆ ನೈಲಾನಿನಲ್ಲಿ, ಕೆವ್ಲಾರಿನಲ್ಲಿ ಹೊಲಿದ ಅಂಗಿಗಳು ಅಂಗಡಿಯಲ್ಲೇ ಸಿಗುತ್ತವೆ. ಕೆವ್ಲಾರ್ ಎಂಬುದು 1965ರಲ್ಲಿ ಸ್ಟೆಫನಿ ಕ್ವೊಲೆಕ್ ಎಂಬ ಅಮೆರಿಕದ ರಸಾಯನಶಾಸ್ತ್ರಜ್ಞೆಯ ಕೆಲಸದಿಂದ ಹುಟ್ಟಿದ ನೂಲು. ಸಿಪಾಯಿಗಳ ಗುಂಡುನಿರೋಧಕ ಅಂಗಿಗೂ ಅದೇ. ನಾನು ಅಪ್ಪಟ ಕ್ಯಾನ್‌ವಾಸಿನಲ್ಲಿ ಪರದಾಡುತ್ತಿದ್ದಾಗ ಅದು ಹುಟ್ಟಿ ಎರಡು ವರ್ಷವಾಗಿತ್ತು. ಆದರೆ ಆ ದೇಶಗಳ ಅನುಭವಸ್ಥ ಬೇಟೆಗಾರರು ಇವತ್ತು ಹೇಳುವ ಮಾತಿಗೂ ನಮ್ಮ ತಾತ ಹೇಳಿದ್ದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಹಂದಿಯನ್ನು ಸುತ್ತುವರಿದು ದೂರದಿಂದ ಬೊಗಳಿ ನಿಲ್ಲಿಸುವ ನಾಯಿಗೆ ಚುರುಕೇ ಕವಚ. ಅದಕ್ಕೆ ಹೆಚ್ಚೆಂದರೆ ಕೊರಳಿಗೆ ಅಗಲವಾದ ಪಟ್ಟಿ. ಮೈಮೇಲೆ ಬಿದ್ದು ಹಿಡಿಯುವ ನಾಯಿಗೆ ಪೂರ್ತಿ ಅಂಗಿ; ಅದನ್ನೂ ಕಡೆಯ ಗಳಿಗೆಯವರೆಗೆ ಹಗ್ಗದಲ್ಲಿ ಹಿಡಿದುಕೊಂಡು ಹೋಗಿ, ಹತ್ತಿರದಲ್ಲಿ ಬಿಡುವುದು. ಸೆಕೆ ಹೆಚ್ಚಾದ ದಿನ, ಈಜಬೇಕಾದ ಕಡೆ, ದೂರ ಓಡಬೇಕಾದ ಕಡೆ ಅಂಗಿ ಕಳಚಬೇಕು, ಇಲ್ಲವೇ ಆ ದಿನ ಬೇಟೆಯನ್ನೇ ಬಿಡಬೇಕು. ಬಿಗಿಯಾದರೆ ಉಸಿರು ಕಟ್ಟುತ್ತದೆ, ಸಡಿಲವಾದರೆ ಮುಳ್ಳಿಗೆ ಸಿಕ್ಕಿಕೊಳ್ಳುತ್ತದೆ. ಇನ್ನೂ ಒಂದು ಮಾತನ್ನು ಅವರು ಹೇಳುತ್ತಾರೆ: ಅಂಗಿ ತೊಟ್ಟ ನಾಯಿಯ ಒಡೆಯನಿಗೆ ಧೈರ್ಯ ಹೆಚ್ಚಾಗಿ, ಬಿಡಬಾರದ ಕಡೆ ಬಿಡುತ್ತಾನೆ. ನನಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ನಾಯಿಯ ಜಾತಿಯ ಮಾತೂ ಇದಕ್ಕೆ ಸೇರಿದ್ದೇ. ನಮ್ಮ ನಾಡಿನ ಹೆಸರುವಾಸಿಯಾದ ಬೇಟೆನಾಯಿ ಎಂದರೆ ಮುಧೋಳದ್ದು. ಘೋರ್ಪಡೆ ಮನೆತನದ ದೊರೆಗಳು ಅದನ್ನು ಸಾಕಿ ಬೆಳೆಸಿದರು. 2005ರಲ್ಲಿ ಅಂಚೆಯ ಚೀಟಿಯ ಮೇಲೂ ಬಂತು. ತೆಳು ಚರ್ಮ, ಆಳವಾದ ಎದೆ, ಬಳುಕುವ ಬೆನ್ನು. ಅದು ಕಣ್ಣಿನಿಂದ ಕಂಡು ಓಡಿ ಮೊಲ ಹಿಡಿಯುವ ನಾಯಿ. ಅದಕ್ಕೆ ಅಂಗಿ ತೊಡಿಸುವುದೆಂದರೆ ಬಾಣಕ್ಕೆ ಮೂಟೆ ಕಟ್ಟಿದಂತೆ. ಅಂಗಿ ತೊಡಿಸಿ ಹಂದಿಯ ಮೇಲೆ ಬಿಟ್ಟೇನೆಂಬುವನು ನಾಯಿಯನ್ನೂ ತಿಳಿಯ, ಹಂದಿಯನ್ನೂ ತಿಳಿಯ.

ಹಾಗಾದರೆ ಕಾಳಿ? ಕಲ್ಲು ಎಲ್ಲವನ್ನೂ ಹೇಳುವುದಿಲ್ಲ. ಬೇಸಿಗೆಯೋ ಮಾಗಿಯೋ, ಬೆಳಗೋ ಮಧ್ಯಾಹ್ನವೋ, ಶಾಸನ ಬರೆದವನಿಗೆ ಅದು ಬೇಕಾಗಿರಲಿಲ್ಲ. ಆದರೆ ಎರಡೂ ಒಟ್ಟಿಗೆ ಸತ್ತವೆಂದು ಹೇಳಿದೆ. ಎಂದರೆ ಹಂದಿ ಓಡಲಿಲ್ಲ, ನಿಂತು ಕಾದಿತು. ಕಾಳಿ ಬೊಗಳಿ ದೂರ ನಿಲ್ಲುವ ಜಾತಿಯದಲ್ಲ, ಹಿಡಿದದ್ದನ್ನು ಬಿಡದ ಜಾತಿಯದು. ತಾತನ ಲೆಕ್ಕದಲ್ಲಿ ಅದು ಅಂಗಿ ತೊಡಿಸಬೇಕಾದ ಸಂದರ್ಭವೇ. ಮಣಲೆರನ ಮನೆಯಲ್ಲಿ ತೊಗಲಿಗೆ ಕೊರತೆಯಿರಲಿಲ್ಲ, ಹೊಲಿಯುವವರಿಗೂ ಕೊರತೆಯಿರಲಿಲ್ಲ. ಊರನ್ನು ಬಿಟ್ಟು ಕೇಳಿ ಪಡೆದ ನಾಯಿಯನ್ನು ಬರಿಮೈಯಲ್ಲಿ ಬಿಟ್ಟವನ ಮನಸ್ಸಿನಲ್ಲಿ ಏನಿತ್ತು? ಜೋಡು ತೊಟ್ಟು ಗೆದ್ದ ನಾಯಿಗೆ ಕೀರ್ತಿ ಕಡಮೆ ಎಂದಿರಬಹುದೆ? ಅಥವಾ ನನಗಿಂತ ಬುದ್ಧಿವಂತನಾದ ಬೇಟೆಗಾರನೊಬ್ಬ ಪಕ್ಕದಲ್ಲಿ ನಿಂತು, ಈ ಸೆಕೆಯಲ್ಲಿ ಬೇಡ ಎಂದಿರಬಹುದೆ? ಎರಡನೆಯದನ್ನು ನಂಬಲು ನನಗೆ ಇಷ್ಟ. ಎರಡು ಕಂಡುಗ ಭೂಮಿ ಬಿಟ್ಟು ಪೂಜೆಗೆ ಏರ್ಪಾಡು ಮಾಡಿದವನ ಮನಸ್ಸಿನಲ್ಲಿ ಬರಿಯ ಹೆಮ್ಮೆಯೊಂದೇ ಇದ್ದಿರಲಾರದು. ಆ ಕಲ್ಲಿನಲ್ಲಿ ನನಗೆ ಸ್ವಲ್ಪ ತಪ್ಪುಕಾಣಿಕೆಯ ವಾಸನೆ ಬರುತ್ತದೆ. ಇತಿಹಾಸಕಾರರು ಇದನ್ನು ಒಪ್ಪಬೇಕಾಗಿಲ್ಲ.

ರಾಯಲ್ಪಾಡಿನ ಕಡೆಗೆ ಮೊನ್ನೆ ಒಂದು ಮದುವೆಗೆಂದು ಹೋಗಿದ್ದೆ. ಹಂದಿಗಳು ಈಗಲೂ ಕಡಲೆಕಾಯಿಯ ಹೊಲ ಅಗೆಯುತ್ತವೆ; ರೈತರು ಬಣ್ಣದ ಹಳೆಯ ಸೀರೆಗಳನ್ನು ಬೇಲಿಗೆ ಕಟ್ಟಿ ಹೆದರಿಸುತ್ತಾರೆ. ನಾಯಿ ಬಿಟ್ಟು ಬೇಟೆಯಾಡುವಂತಿಲ್ಲ, ಆಡಬಾರದು ಕೂಡ. ತಾತನ ಮನೆಯಿದ್ದ ಕಡೆ ಹೆಂಚು ಹೋಗಿ ತಾರಸಿ ಬಂದಿದೆ. ನಲ್ಲೋಡನ್ನು ಹೂಳಿದ್ದು ಮಾವಿನ ತೋಪಿನ ಬದುವಿನಲ್ಲಿ. ತಾತ ಅದರ ಮೇಲೆ ಒಂದು ಗುಂಡುಕಲ್ಲನ್ನು ಉರುಳಿಸಿದ್ದರು, ನರಿ ಅಗೆಯದಿರಲೆಂದು. ಹೋಗಿ ಹುಡುಕಿದೆ. ತೋಪಿನ ಬದುವಿನ ತುಂಬ ಗುಂಡುಕಲ್ಲುಗಳೇ.

ಅಂದು ಸಂಜೆ ನಾನು ಅಜ್ಜಿಯ ಮನೆಯ ಕಣಜದ ಹಿಂದೆ ಅಡಗಿ ಕುಳಿತಿದ್ದೆ. ತಾತ ಬಯ್ಯಲಿಲ್ಲ, ಅಜ್ಜಿಗೆ ದೂರು ಹೇಳಲಿಲ್ಲ. ನಾನು ಬೆಂಗಳೂರಿಗೆ ಹೊರಡುವ ದಿನ ಬಸ್ಸಿನ ಹತ್ತಿರ ಬಂದು ಒಂದು ಗಂಟು ಕೊಟ್ಟರು. ಗುಡ್ಡದಿಂದ ಅಂಗಿಯನ್ನು ಹುಡುಕಿ ತಂದು ಒಗೆದಿದ್ದರು. ಕೊಯ್ದ ಬಾರುಗಳಿಗೆ ಗಂಟು ಹಾಕಿದ್ದರು. ಮಾವಿನ ತೋಪಿನಲ್ಲಿ ಹಂದಿ ಸೀಳಿದ ಕಡೆಯನ್ನು, ನಲ್ಲೋಡಿನ ಎದೆಯನ್ನು ಹೊಲಿದ ಹಾಗೆಯೇ, ಗೋಣಿಯ ದಾರದಿಂದ ಹೊಲಿದಿದ್ದರು.

"ಮಾಗಿಯಲ್ಲಿ ಬೇರೆ ನಾಯಿಗೆ ಆಗುತ್ತೆ, ಇಟ್ಟುಕೊಂಡಿರು," ಎಂದರು.

ಆ ಅಂಗಿ ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ. ನಾನು ನಾಯಿ ಸಾಕಲಿಲ್ಲ.